ಮಡಿಕೆ ಬಿಡಿಸದ ಅಧ್ಯಾಯ

ಬೆಣ್ಣೆ ಹಚ್ಚುವ ಚಾಕು ಸ್ಮಿತಾಳ ಕೈಯಲ್ಲಿತ್ತು. ಪುಸ್ತಕ ಮಾತ್ರ ಸರಸ್ವತಿಯ ಪಟದ ಮುಂದೆ ಸೇವಂತಿಗೆ ಹೊತ್ತು ಕೂತಿತ್ತು. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ಅಚ್ಚಾದ ಕಾದಂಬರಿ. ಆಗ ಅಲ್ಲಿ ಹಾಳೆಗಳು ಮಡಿಕೆಯಲ್ಲೇ ಬರುತ್ತಿದ್ದವು. ಕೊಂಡವರು ಅಂಚು ಕೊಯ್ದುಕೊಳ್ಳುತ್ತಾ ಓದಬೇಕಿತ್ತು. ಇದನ್ನು ಕೊಂಡವರು ಯಾರೋ ಕೊನೆಯ ಅಧ್ಯಾಯದ ಮಡಿಕೆಗಳನ್ನು ಹಾಗೆಯೇ ಬಿಟ್ಟು ಎದ್ದುಹೋಗಿದ್ದರು.

ಸ್ಮಿತಾ ನಿಘಂಟು ಹಿಡಿದು ಅಲ್ಲಿಯವರೆಗೆ ಓದಿದ್ದಳು. ಸಂಜೆ ಪುಸ್ತಕವನ್ನು ಪಕ್ಕದ ಊರಾದ ನೇಪರ್‌ವಿಲ್‌ನ ಗೆಳತಿಯ ಸಂಗ್ರಹಕ್ಕೆ ಕೊಡಬೇಕು. ಗಾಜಿನ ಕಪಾಟು ಸೇರಿದ ಮೇಲೆ ಅದನ್ನು ಮತ್ತೆ ಯಾರೂ ಬಿಡಿಸುವುದಿಲ್ಲ. ಆದರೆ ಪೂಜೆಗಿಟ್ಟ ಪುಸ್ತಕವನ್ನು ಈ ಮನೆಯಲ್ಲಿ ಮರುದಿನದವರೆಗೆ ಮುಟ್ಟುವಂತಿಲ್ಲ.

"ಅವ್ವನ ರೂಲ್," ಗಂಡ ರಾಜಶೇಖರ್ ನಕ್ಕ. "ಸಾಲ್ಯಾಗಿದ್ದಾಗ ನನಗ ಭಾಳ ಸೇರ್ತಿದ್ದ ಹಬ್ಬ ಇದು."

ಅತ್ತೆ ಶಿವಲಿಂಗಮ್ಮ ಸೊಸೆಯ ಕೈಲಿದ್ದ ಚಾಕು ನೋಡಿದರು. "ಬರದಾಕಿ ಹೆಣ್ಣಮಗಳಂತ ಹೇಳಿದ್ದಿಯಲ್ಲ?"

"ಹೌದ್ರೀ ಅತ್ತಿ. ಹೆಂಗಸು ಬರದ್ರ ಯಾರೂ ಅಚ್ಚು ಹಾಕಂಗಿಲ್ಲಂತ ಗಂಡಸಿನ ಹೆಸರು ಇಟ್ಕೊಂಡಿದ್ಲು."

ಶಿವಲಿಂಗಮ್ಮ ಪಟಕ್ಕೆ ಕೈಮುಗಿದರು. ಆಮೇಲೆ ಪುಸ್ತಕದ ಮೇಲಿನ ಸೇವಂತಿಗೆಯನ್ನು ತೆಗೆದು ಸೊಸೆಯ ಮುಡಿಗಿಟ್ಟರು. ಪೂಜೆ ಮುಗಿದಾಗ ಕಲಶ ಕದಲಿಸುವಂತೆ, ಎರಡೂ ಕೈಯಿಂದ ಪುಸ್ತಕವನ್ನು ಉತ್ತರಕ್ಕೆ ಒಂದಿಷ್ಟು ಸರಿಸಿದರು.

"ಪೂಜಿ ಮುಗೀತು," ಅಂದರು. "ಸರಸ್ವತಿಗೆ ಒಂದ್ ಹೊತ್ತು ಕಡಿಮಿ ಆದ್ರ ನಡೀತದ. ಇದನ್ನ ಬರದಾಕಿ ಭಾಳ ದಿನ ಕಾದಾಳ. ಕೊಯ್ಯವಾ, ನನಗೂ ಓದಿ ಹೇಳು."

ಸ್ಮಿತಾ ಅತ್ತೆಯ ಪಕ್ಕದಲ್ಲೇ ಕೂತು, ಚಾಕುವನ್ನು ಮೊದಲ ಮಡಿಕೆಯೊಳಗೆ ತೂರಿಸಿದಳು.