ನೆರಳಿಗೆ ಹೂಡಿದ ಒಲೆ

ಹೊಗೆ ಏಳುತ್ತಿದ್ದುದು ಬೇಲಿಯ ಮೂಲೆಯಿಂದಲ್ಲ, ಹುಣಸೆಮರದ ಬುಡದಿಂದ. ವಿಹಾರದಲ್ಲಿ ಭಿಕ್ಷುಗಳಿಗೆ ಅನ್ನ ನೀಡಿ ಬರುತ್ತಿದ್ದ ಬುವಾಫನ್ ಹಿತ್ತಿಲ ಬಾಗಿಲಲ್ಲೇ ನಿಂತಳು. ದಾರಿಯುದ್ದಕ್ಕೂ ನಾಲಿಗೆಯ ಮೇಲಿದ್ದ ಮಂತ್ರ ಅರ್ಧಕ್ಕೇ ಕಡಿಯಿತು.

ಮರದ ನೆರಳಲ್ಲಿ ಅಳಿಯ ತೊಂಗ್‌ಸೈ ಗೇಣಾಳದ ಗುಂಡಿ ತೋಡಿ, ಎರಡು ಬದಿಗೆ ಇಟ್ಟಿಗೆ ಇಟ್ಟು, ಮೇಲೆ ತಂತಿಯ ಜಾಲರಿ ಹಾಸಿದ್ದ. ಗುಂಡಿಯ ತುಂಬ ಇದ್ದಿಲು ಕೆಂಪಗೆ ಕಾದಿತ್ತು. ಬಿದಿರಿನ ಸೀಳಿಗೆ ಸಿಕ್ಕಿಸಿದ ಎರಡು ಕೋಳಿಗಳಿಂದ ಕೊಬ್ಬು ತೊಟ್ಟಿಕ್ಕಿ ಚುಂಯ್ ಎನ್ನುತ್ತಿತ್ತು. ಅವನ ತಾಯಿ ಓನ್‌ಸಿ ಕುಕ್ಕರಗಾಲಲ್ಲಿ ಕೂತು ಬೀಸಣಿಗೆ ಆಡಿಸುತ್ತಿದ್ದಳು. ಮೊಮ್ಮಗುವನ್ನು ನೋಡಲು ಮೆಕಾಂಗ್ ನದಿಯ ನಡುಗಡ್ಡೆಯಿಂದ ಎರಡು ದಿನ ಬಸ್ಸಿನಲ್ಲಿ ಕೂತು, ನಿನ್ನೆಯಷ್ಟೇ ಈ ಬೆಟ್ಟದ ಸೀಮೆಗೆ ಬಂದವಳು.

"ಬನ್ನಿ ಬೀಗಿತ್ತಿ!" ಎಂದು ಓನ್‌ಸಿ ನಕ್ಕಳು. "ನಿಮ್ಮೂರಲ್ಲಿ ಕೋಳಿ ಜೊತೆ ನೆಂಟರನ್ನೂ ಬಿಸಿಲಲ್ಲಿ ಸುಡ್ತೀರೇನು? ಆ ಮೂಲೇಲಿ ಒಂದು ಎಲೆ ನೆರಳಿಲ್ಲ. ನೆರಳಿಗೆ ಹೂಡೋ ಒಲೇನ ಅಂತ ನಾನೇ ಮಗನಿಗೆ ಹೇಳಿದೆ."

"ಅಲ್ಲಿ ಹೂಡಿದ್ರೆ ಹೊಗೆಯೆಲ್ಲ ಬಾಣಂತಿ ಕೋಣೆಗೇ ನುಗ್ಗುತ್ತೆ ಅತ್ತೆ. ಮಗು ಕೆಮ್ತಿತ್ತು," ಎಂದ ತೊಂಗ್‌ಸೈ.

ಒಳಗೆ ಬುವಾಫನ್‌ಳ ಮಗಳು ಮಣಿಚನ್, ಹೆತ್ತು ಒಂಬತ್ತು ದಿನದವಳು, ರೂಢಿಯಂತೆ ಕೆಂಡದ ಶಾಖಕ್ಕೆ ಬಿದಿರು ಮಂಚದ ಮೇಲೆ ಮಲಗಿದ್ದಳು. ಅವಳು ಎದ್ದು ಓಡಾಡುವಂತಿದ್ದರೆ ಗಂಡನನ್ನು ತಡೆಯುತ್ತಿದ್ದಳು. ಈ ಮನೆಯಲ್ಲಿ ಹೊರಗೆ ಬೆಂಕಿ ಹಾಕುವುದು ಬೇಲಿಯ ಮೂಲೆಯಲ್ಲಿ ಮಾತ್ರ. ತೊಂಗ್‌ಸೈ ಮನೆಯಳಿಯನಾಗಿ ಬಂದ ದಿನವೇ ಅತ್ತೆ ಅವನಿಗೆ ಅದನ್ನು ಹೇಳಿದ್ದಳು; ಕಾರಣ ಹೇಳಿರಲಿಲ್ಲ. ಮದುವೆಮನೆಯಲ್ಲಿ, ಬಸುರಿ ಬಾಣಂತಿಯರಿದ್ದ ಮನೆಯಲ್ಲಿ ದುರ್ಮರಣದ ಮಾತು ಎತ್ತಬಾರದು. ಯಾವುದೋ ಭೂತದ ಕಟ್ಟಳೆ ಇರಬೇಕೆಂದು ಅವನು ಸುಮ್ಮನಿದ್ದ. ಹಿಂದಿನ ಯುದ್ಧದಲ್ಲಿ ವಿಮಾನಗಳು ಒಂಬತ್ತು ವರ್ಷ ಸುರಿದುಹೋದ ಬಾಂಬುಗಳಲ್ಲಿ ಸಿಡಿಯದೆ ಉಳಿದವು ಇಲ್ಲಿನ ಹೊಲಗಳಲ್ಲಿ ಹೂತಿವೆಯೆಂದು ಅವನೂ ಕೇಳಿದ್ದ. ಅಂಥದೇ ಒಂದರ ಖಾಲಿ ಚಿಪ್ಪಿನಲ್ಲಿ ಅತ್ತೆ ಈರುಳ್ಳಿ ಸೊಪ್ಪು ಬೆಳೆಸಿದ್ದಳು. ಆದರೆ ಅವು ಹೊಲದಲ್ಲಿರುವುವು. ದಿನಾ ಗುಡಿಸುವ ಹಿತ್ತಿಲಲ್ಲಿ?

"ತೊಂಗ್‌ಸೈ, ಈ ಕಡೆ ಬಾರಪ್ಪ," ಬುವಾಫನ್ ಮೆಲ್ಲಗೆ ಅಂದಳು. "ಬೀಗಿತ್ತಿ, ನೀವೂ ಏಳಿ."

"ಈಗಲೇ? ಇನ್ನೊಂದು ಮಗ್ಗುಲು ತಿರುವಿದ್ರೆ ಆಯ್ತು."

"ಸುಟ್ಟುಹೋಗ್ಲಿ. ಏಳಿ."

ಓನ್‌ಸಿಯ ಬೀಸಣಿಗೆ ನಿಂತಿತು. "ಸುಟ್ಟುಹೋಗ್ಲೀ? ಮೊಟ್ಟೆಯಿಂದ ನಾನೇ ಸಾಕಿದ ಕೋಳಿ. ಎರಡು ದಿನ ಮಡಿಲಲ್ಲಿಟ್ಕೊಂಡು ತಂದಿದೀನಿ. ನಿಮ್ಮನೆ ಬೆಂಕಿ ಮುಟ್ಟೋ ಯೋಗ್ಯತೆ ನಮಗಿಲ್ಲ ಅಂತ ಬಾಯಿಬಿಟ್ಟು ಹೇಳಿ, ಹೋಗ್ತೀವಿ."

"ಭೂತಕ್ಕೆ ಬೇಕಾದ್ರೆ ನಾನು ತಪ್ಪುಕಾಣಿಕೆ ಇಡ್ತೀನಿ ಅತ್ತೆ," ತೊಂಗ್‌ಸೈ ಹಲ್ಲು ಕಿರಿದ. "ಒಂದು ಕಾಲು ಅದಕ್ಕೂ ಕೊಟ್ರಾಯ್ತು."

ಬುವಾಫನ್ ಅನ್ನದ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಅಳಿಯನ ಹೆಜ್ಜೆಗಳು ಮೂಡಿದ್ದಲ್ಲೇ ಹೆಜ್ಜೆಯಿಟ್ಟು ಹೋಗಿ ಬೀಗಿತ್ತಿಯ ರಟ್ಟೆ ಹಿಡಿದು ಎಳೆದಳು. ಓನ್‌ಸಿ ಮುಗ್ಗರಿಸಿ ಬಿದ್ದಳು, ಕಿರುಚಿದಳು. ಬಿದ್ದವಳನ್ನು ಬಿಡದೆ, ಮೂಟೆ ಎಳೆಯುವ ಹಾಗೆ ನೆಲದ ಮೇಲೇ ದರದರ ಎಳೆದುಕೊಂಡು ಹೋದಳು. ಒಂದು ದಿನವೂ ಏರುದನಿಯಲ್ಲಿ ಮಾತಾಡದ ಹೆಂಗಸು. ತೊಂಗ್‌ಸೈ ಹಿಂದೆಯೇ ಓಡಿದ.

"ಅತ್ತೆ! ನನ್ನ ತಾಯಿ ಮೇಲೆ ಕೈ ಮಾಡ್ತೀರಾ? ಬಿಡಿ! ಬಿಡಿ ಅಂದೆ!"

ಭತ್ತದ ಕಣಜದ ಮರೆಗೆ ಬಂದಾಗ ಅವನು ಅತ್ತೆಯ ಭುಜಕ್ಕೆ ಕೈ ಹಾಕಿದ. ಅಷ್ಟರಲ್ಲಿ ನೆಲ ಒಡೆಯಿತು.

ತಗಡಿನ ಮಾಡಿನ ಮೇಲೆ ಮಣ್ಣು ಬಹಳ ಹೊತ್ತು ಸುರಿಯಿತು. ಅದು ನಿಂತ ಮೇಲೂ ಹುಣಸೆ ಎಲೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಒಳಗೆ ಮಗು ಅತ್ತಿತು. ಏನಾಯಿತೆಂದು ಮಣಿಚನ್ ಕೇಳಲಿಲ್ಲ. ಅವಳು ಕೂಗಿದ್ದು, "ಅಮ್ಮಾ, ಯಾರು?"

"ಎಲ್ಲರೂ ಇದೀವಿ. ಏಳಬೇಡ, ಮಲಗಿರು."

ಓನ್‌ಸಿಯ ಕೈಯಲ್ಲಿ ಬೀಸಣಿಗೆ ಹಾಗೆಯೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಇಟ್ಟಿಗೆ ಇಲ್ಲ, ಜಾಲರಿ ಇಲ್ಲ, ಕೋಳಿಯ ಕುರುಹಿಲ್ಲ. ಅವಳು ಕೂತಿದ್ದ ಜಾಗವೂ ಇರಲಿಲ್ಲ. ಅತ್ತೆಯ ಭುಜದ ಮೇಲಿದ್ದ ತನ್ನ ಕೈಯನ್ನು ತೊಂಗ್‌ಸೈ ಬಿಸಿ ತಗುಲಿದವನಂತೆ ತೆಗೆದ.

"ಹಿತ್ತಿಲಲ್ಲೇ..." ಎಂದ ಅವನು. "ಹಾಗಾದ್ರೆ ಆ ಮೂಲೆ? ಅಲ್ಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಬುವಾಫನ್ ಬೇಲಿಯ ಕಡೆ ನೋಡಿದಳು. "ಮಣಿಚನ್ ಹುಟ್ಟಿದ ವಾರ. ನನ್ನ ಮಂಚದ ಕೆಳಗಿಡೋಕೆ ಕೆಂಡ ಮಾಡ್ತೀನಿ ಅಂತ ಅವಳಪ್ಪ ಅಲ್ಲಿ ಬೆಂಕಿ ಹಾಕಿ ಕೂತಿದ್ರು. ಅಲ್ಲಿದ್ದದ್ದು ಅವತ್ತೇ ಹೋಯ್ತು."

ಅವಳು ಬುಟ್ಟಿಯನ್ನು ಎತ್ತಿಕೊಂಡು, ಕವುಚಿ ಮಣ್ಣು ಕೊಡವಿದಳು. ಓನ್‌ಸಿಯ ಬಟ್ಟೆಯ ಧೂಳನ್ನೂ ಕೊಡವಿದಳು.

"ಮುಂದಿನ ಸಲ ಬಂದಾಗ ನೆರಳಲ್ಲೇ ಹೂಡೋಣ ಬೀಗಿತ್ತಿ. ಇನ್ನು ಅಲ್ಲೂ ಇಲ್ಲ."