ರಾಣಿಯ ಮೂಗು

ಸೈದಾಬಿ ಸಾಣೆಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು, ರಾಣಿ ಛಾಪಿನ ಬೆಳ್ಳಿ ರೂಪಾಯಿಯನ್ನು ಇನ್ನೇನು ತೇಯಬೇಕು, ಅಷ್ಟರಲ್ಲಿ ಅಮೀರ "ನಿಲ್ಲು ಅತ್ತಿ!" ಎನ್ನುತ್ತ ಒಳಗೆ ನುಗ್ಗಿದ. ಅವನಿಗೆ ಫೋನು ಮಾಡಿ ಸಿಂದಗಿಯಿಂದ ಯಂಕಂಚಿಗೆ ಕರೆಸಿದವಳು ತಂಗಿ ಮೆಹನಾಜ. ಸೈದಾಬಿ ಅವರಿಬ್ಬರಿಗೂ ಸೋದರತ್ತೆ. ಮೆಹನಾಜಳಿಗೆ ಮೇಲಾಗಿ ಗಂಡನ ತಾಯಿ. ಆ ಮನೆತನದಲ್ಲಿ ಗಂಡುಕೂಸು ಹುಟ್ಟಿತೆಂದರೆ ಬಜೆಬೇರಿನ ಜೊತೆ ಆ ರೂಪಾಯಿಯನ್ನೂ ಹಾಲಿನಲ್ಲಿ ತೇಯ್ದು ಗುಟ್ಟಿ ನೆಕ್ಕಿಸುವುದು ರೂಢಿ. ಬೆಳ್ಳಿ ಹೊಟ್ಟೆಗೆ ಹೋದರೆ ಬುದ್ಧಿ ಬೆಳೆಯುತ್ತದಂತೆ. ಆರು ತಿಂಗಳು ಎದೆಹಾಲು ಬಿಟ್ಟರೆ ನೀರು ಕೂಡ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಮೆಹನಾಜ ಹೇಳಿ ಹೇಳಿ ಸೋತಿದ್ದಳು. ಈಗ ತನ್ನ ಎಳೆಗೂಸನ್ನು ಎದೆಗವಚಿಕೊಂಡು ಅಣ್ಣನಿಗೆ ಕಣ್ಸನ್ನೆ ಮಾಡಿದಳು.

ಅಮೀರನಿಗೆ ಹಳೆಯ ನಾಣ್ಯಗಳ ಹುಚ್ಚು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಸಂತೆ ಸುತ್ತುವುದೇ ಕಸುಬು. ನಾಣ್ಯ ಎಷ್ಟು ಸವೆದಿದೆ ಅನ್ನುವುದು ಗ್ರೇಡು, ಸವೆದರೂ ನೋಡಲು ಹಿತವೇ ಅನ್ನುವುದು ಕಳೆ. ಎರಡನ್ನೂ ಬೇರೆ ಬೇರೆ ತೂಗಿ ಹೇಳುತ್ತಿದ್ದ. ಈ ಚಟ ಎಲ್ಲಿಯವರೆಗೆ ಹೋಗಿತ್ತೆಂದರೆ, ಹೊರ್ತಿ ಊರಿಗೆ ಕನ್ಯೆ ನೋಡಲು ಹೋದಾಗ ಹುಡುಗಿಯ ಅಪ್ಪನೆದುರೇ "ಗ್ರೇಡು ಚಲೋ ಐತಿ, ಕಳಿ ಕಮ್ಮಿ" ಎಂದು ಏಟು ತಿನ್ನುವುದರಿಂದ ಸ್ವಲ್ಪದರಲ್ಲೇ ಪಾರಾಗಿದ್ದ. ಅತ್ತೆಯ ರೂಪಾಯಿ ಭಾರಿ ಬೆಲೆಯದೆಂದು ಹೇಳಿ ತೇಯುವುದನ್ನು ತಪ್ಪಿಸಬೇಕು, ಇದು ಅಣ್ಣ ತಂಗಿ ಫೋನಿನಲ್ಲೇ ಹೂಡಿದ ಉಪಾಯ.

ಅಮೀರ ಭೂತಗನ್ನಡಿ ತೆಗೆದು ರೂಪಾಯಿಯನ್ನು ಬೆಳಕಿಗೆ ಹಿಡಿದ. ಮುಖ ಹುಳ್ಳಗಾಯಿತು. ರಾಣಿಗೆ ಮೂಗಿಲ್ಲ, ಬಾಯಿಲ್ಲ, ಕಿರೀಟದ ಜಾಗದಲ್ಲಿ ಹಿಟ್ಟಿನ ಉಂಡೆಯಂಥದ್ದೇನೋ ಇತ್ತು. ಬೇರೆ ಯಾರಾದರೂ ತಂದಿದ್ದರೆ "ಕರಗಸ್ರಿ" ಎಂದು ಸಾಗಹಾಕುತ್ತಿದ್ದ. ತಂಗಿಯ ಸಲುವಾಗಿ ಕಸುಬಿನ ಈಮಾನನ್ನು ಪಕ್ಕಕ್ಕಿಟ್ಟ.

"ಅತ್ತೀ, ಏನ ಗ್ರೇಡು, ಏನ ಕಳಿ! ಇಂಥಾದ್ದು ಜಿಲ್ಲಾದಾಗ ಇನ್ನೊಂದಿಲ್ಲ. ಬಂಗಾರಕ್ಕಿಂತ ಹೆಚ್ಚಿಂದು. ಕಲ್ಲಿಗೆ ಹಚ್ಚಿದಿ ಅಂದ್ರ ಬರ್ಬಾದ!"

ಸೈದಾಬಿಯ ಕಣ್ಣರಳಿದವು. "ಬಂಗಾರಕ್ಕಿಂತ ಹೆಚ್ಚಿಂದಾ? ಹಂಗಾದ್ರ ನನ್ನ ಮೊಮ್ಮಗನ ಹೊಟ್ಟಿಗೆ ಹಾಕದ ಮತ್ಯಾರ ಹೊಟ್ಟಿಗೆ ಹಾಕಲಿ? ತಾ ಇಲ್ಲೆ!"

ಮೆಹನಾಜ ಅಣ್ಣನನ್ನು ಸುಟ್ಟುಬಿಡುವಂತೆ ನೋಡಿದಳು. ಅಮೀರ ಪಲ್ಟಿ ಹೊಡೆದ.

"ಮಶ್ಕಿರಿ ಮಾಡಿದ್ನಿ ಅತ್ತಿ. ಖರೇ ಹೇಳಬೇಕಂದ್ರ ಇದು ಪೂರಾ ರದ್ದಿ. ರಾಣಿ ಮೂಗ ಹೋಗೇತಿ ನೋಡು."

"ರದ್ದಿ ಅಂದಮ್ಯಾಲ ತೇಯ್ದ್ರ ನಿನಗೇನ ಲುಕ್ಸಾನ?" ಸೈದಾಬಿ ರೂಪಾಯಿ ಕಸಿದುಕೊಂಡಳು. "ಮತ್ತ ಆ ಮೂಗ ಎಲ್ಲಿ ಹೋತು ಗೊತ್ತೈತೇನು? ನಿನ್ನ ಹೊಟ್ಟ್ಯಾಗ ಐತಿ! ನೀ ಹುಟ್ಟಿದಾಗ ಇದ ಕಲ್ಲಿನ ಮ್ಯಾಲ ನಾನ ತೇಯ್ದು ನೆಕ್ಕಿಸೇನಿ. ನಿನಗೇನರ ಆತೇನು?"

ಅತ್ತ ದರಿ, ಇತ್ತ ಪುಲಿ. ಅಮೀರನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸೈದಾಬಿ ರೂಪಾಯಿಯನ್ನು ಕಲ್ಲಿಗೆ ಒತ್ತಿದಳು.

"ತೇಯ್ರಿ ಅತ್ತಿ," ಎಂದಳು ಮೆಹನಾಜ. "ಆದ್ರ ಅದಕ್ಕೂ ಮೊದಲ ನಮ್ಮಣ್ಣನ್ನ ಒಮ್ಮಿ ಸರಿಯಾಗಿ ನೋಡ್ರಿ. ಬೆಳ್ಳಿ ನೆಕ್ಕಿ ಬೆಳದಾಂವ. ತಲಿ ಅರ್ಧಾ ಬೆಳ್ಳಗಾತು, ಕೆಲಸಿಲ್ಲ ಬೊಗಸಿಲ್ಲ, ಕನ್ಯಾ ಕೊಡಾವ್ರಿಲ್ಲ. ಊರೂರು ತಿರಗಿ ಸವದ ರೊಕ್ಕಾ ಮೂಸಕೋತ ಅಡ್ಡಾಡತಾನ. ನನ್ನ ಮಗಾನೂ ಹಿಂಗ ಆಗಬೇಕೇನ್ರಿ?"

ಇದು ಫೋನಿನಲ್ಲಿ ಮಾತಾಡಿಕೊಂಡದ್ದರಲ್ಲಿ ಇರಲಿಲ್ಲ. ಅಮೀರನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಏನೋ ಹೇಳಲು ಬಾಯಿ ತೆರೆದವನು ತಂಗಿಯ ಒದ್ದೆ ಕಣ್ಣು ಕಂಡು ಭೂತಗನ್ನಡಿಯನ್ನು ಜೇಬಿಗಿಳಿಸಿದ.

ಸೈದಾಬಿ ಅವನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿದಳು. "ತಿರಗು," ಎಂದಳು. ಅವನು ತಿರುಗಿದ. ಹಿಂದಿನಿಂದಲೂ ನೋಡಿದಳು. ಆಮೇಲೆ ರೂಪಾಯಿಯನ್ನು ಒರೆಸಿ ಸೆರಗಿಗೆ ಗಂಟು ಹಾಕಿಕೊಂಡು, ಕಲ್ಲನ್ನು ಗೋಡೆಗೆ ನಿಲ್ಲಿಸಿದಳು.

"ಬರೇ ಹಾಲ ಕುಡಸವ್ವಾ."