ನೀರುನಾಯಿಯ ಮೀಸೆ

ಹಿಮನಾಡಿನ ದೇವರಿಬ್ಬರು ಮಾರುವೇಷದಲ್ಲಿ ತಿರುಗುತ್ತಿದ್ದಾಗ, ಕೈ ಸುಮ್ಮನಿರಲಾರದ ಕಿರಿಯವನು ಕಲ್ಲೆಸೆದು ಒಂದು ನೀರುನಾಯಿಯನ್ನು ಕೊಂದುಬಿಟ್ಟ. ಅದು ಅಲ್ಲಿನ ಯಜಮಾನನೊಬ್ಬ ಸಾಕಿದ್ದ ಪ್ರಾಣಿ. ಆ ನಾಡಿನ ಕಟ್ಟಳೆಯಂತೆ ಅದರ ತೊಗಲನ್ನು ಒಂದು ಕೂದಲೂ ಕಾಣದ ಹಾಗೆ ಚಿನ್ನದಿಂದ ಮುಚ್ಚಿಕೊಡಬೇಕು. ಇಲ್ಲವಾದರೆ ಇಬ್ಬರ ತಲೆಯೂ ಉರುಳುತ್ತದೆ.

ಕಿರಿಯವನು ಹೋಗಿ ಒಬ್ಬ ಕುಳ್ಳನ ನಿಧಿಯನ್ನೆಲ್ಲ ದೋಚಿ ತಂದ. ಅದರಲ್ಲಿದ್ದ ಚಂದದ ಉಂಗುರ ಒಕ್ಕಣ್ಣನಾದ ಹಿರಿಯವನ ಬೆರಳು ಸೇರಿತು.

ಕಿರಿಯವನು ತಲೆ ಕೆರೆದುಕೊಂಡ. "ಅಣ್ಣಾ, ಒಂದು ಮಾತು ಹೇಳೋದು ಮರೆತೆ. ಆ ಉಂಗುರಕ್ಕೆ ಕುಳ್ಳ ಶಾಪ ಹಾಕಿದ್ದಾನೆ. ತೊಟ್ಟವರು ಉಳಿಯಲ್ವಂತೆ. ಬೇರೆ ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಬೆರಳು ಬಿಡುತ್ತಂತೆ."

ಹಿರಿಯವನು ಉಂಗುರ ಎಳೆದು ನೋಡಿದ; ಅದು ಅಲುಗಲಿಲ್ಲ.

ಇಬ್ಬರೂ ತೊಗಲಿನ ಮೇಲೆ ಚಿನ್ನ ಸುರಿದರು. ಕಿರಿಯವನು ಮೂತಿಯಿಂದ ಬಾಲದವರೆಗೆ ಬಗ್ಗಿ ನೋಡಿದ; ಎಲ್ಲೂ ಒಂದೆಳೆ ಕಾಣಲಿಲ್ಲ. ಆಮೇಲೆ ಯಜಮಾನ ಬಂದು ಮಂಡಿಯೂರಿ ಹುಡುಕಿದ.

"ಇಲ್ಲಿ ಮೀಸೆಯ ಕೂದಲೊಂದು ಕಾಣ್ತಿದೆಯಲ್ಲ."

ಕಿರಿಯವನು ಬರಿದಾದ ಚೀಲ ಕೊಡವಿ ತೋರಿಸಿದ. "ಇದ್ದ ಚಿನ್ನವೆಲ್ಲ ಮುಗೀತು, ಯಜಮಾನರೇ."

"ಇವರ ಬೆರಳಲ್ಲಿ ಇದೆಯಲ್ಲ. ಅದನ್ನು ಕೊಡಿ."

ಹಿರಿಯವನು ಮುಖ ಸಣ್ಣದು ಮಾಡಿಕೊಂಡು ಉಂಗುರ ಕಳಚಿ ಆ ಕೂದಲಿನ ಮೇಲಿಟ್ಟ.

ಊರು ದಾಟಿದ ಮೇಲೆ ಕಿರಿಯವನಿಗೆ ತಡೆಯಲಾಗಲಿಲ್ಲ. "ಅಣ್ಣಾ, ನಾನೇ ಕಣ್ಣಾರೆ ನೋಡಿದ್ದೆ. ಆ ಕೂದಲು ಎಲ್ಲಿಂದ ಬಂತು?"

"ಕಿತ್ತ ಜಾಗ ಇನ್ನೂ ಉರೀತಿದೆ ಕಣೋ," ಎನ್ನುತ್ತ ಹಿರಿಯವನು ತನ್ನ ಗಡ್ಡ ನೀವಿಕೊಂಡ.